ರೊಟ್ಟಿ ಊಟ ಗಂಟಲಲ್ಲಿ ಇಳಿಯದಿದ್ದರೆ ಏನು ಮಾಡೋದು?

ಪ್ರಶ್ನೆ: ನಾನು ಮೈಸೂರು ಕಡೆಯವಳು. ಮದುವೆಯಾಗಿ ಹುಬ್ಬಳ್ಳಿಗೆ ಬಂದು ವರ್ಷ ಆಗ್ತಾ ಬಂತು. ನಮ್ಮ ಮನೆಯವರಿಗೆ ಜೋಳದ ರೊಟ್ಟಿ ಊಟ ಅಂದ್ರೆ ಪ್ರಾಣ. ನನಗೆ ಮಾತ್ರ ಅದು ಒಣ ಒಣ, ಖಾರನೂ ಜಾಸ್ತಿ. ಒಂದು ರೊಟ್ಟಿ ಮುಗಿಯೋದ್ರೊಳಗೆ ಎರಡು ಲೋಟ ನೀರು ಖಾಲಿ. ಖಾನಾವಳಿಯಲ್ಲಿ ಪಕ್ಕದವರು ಆರಾಮಾಗಿ ನಾಲ್ಕು ತಿಂದು ಏಳ್ತಾರೆ. ಈ ಊಟದ ರುಚಿ ಹತ್ತಿಸಿಕೊಳ್ಳೋದು ಹೇಗೆ? ಮನೆಯಲ್ಲಿ ಬಡಿಯಲು ಹೋದರೆ ಅಂಚು ಸೀಳುತ್ತೆ, ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡಾಗುತ್ತೆ. ಸಂಕ್ರಾಂತಿ ಹೊತ್ತಿಗೆ ನಮ್ಮ ಅಮ್ಮ ಬರ್ತಿದ್ದಾರೆ. ಅವರಿಗೆ ಶುಗರ್ ಇದೆ. ಏನೇನು ತಿನ್ನಿಸಲಿ, ಏನು ಕಟ್ಟಿ ಕಳಿಸಲಿ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಧಾರವಾಡಕ್ಕೆ ಓದಲು ಬಂದ ಹುಡುಗಿಯರು, ವರ್ಗವಾಗಿ ಬಂದ ಬ್ಯಾಂಕಿನವರು, ಆ ಕಡೆಯಿಂದ ಬಂದ ಸೊಸೆಯಂದಿರು ಎಲ್ಲರೂ ಇದೇ ದೂರು ಹೇಳುತ್ತಾರೆ. ನಿಮ್ಮ ಎರಡು ಲೋಟ ನೀರಿನ ಮಾತಲ್ಲೇ ಅರ್ಧ ಉತ್ತರ ಇದೆ. ನೀವು ರೊಟ್ಟಿಯನ್ನು ನೀರಿನ ಜೊತೆ ತಿನ್ನುತ್ತಿದ್ದೀರಿ. ಅದು ಬೆಣ್ಣೆ, ಎಣ್ಣೆ, ಮೊಸರಿನ ಜೊತೆ ಇಳಿಯುವ ಊಟ.

ನೀವು ಅನ್ನ, ಸಾರು, ಮುದ್ದೆ ತಿಂದು ಬೆಳೆದವರು. ಅಕ್ಕಿ ಬೇಯುವಾಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. ಅದರ ಮೇಲೆ ಸಾರು ಬೇರೆ. ಮುದ್ದೆಯನ್ನಂತೂ ಅಗಿಯುವುದೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗಿದರೆ ಆಯಿತು. ಜೋಳದ ರೊಟ್ಟಿಯಲ್ಲಿ ಹಿಟ್ಟು, ನೀರು ಬಿಟ್ಟರೆ ಇನ್ನೇನೂ ಇಲ್ಲ. ಎಣ್ಣೆ ಇಲ್ಲ, ಎಷ್ಟೋ ಮನೆಗಳಲ್ಲಿ ಉಪ್ಪೂ ಹಾಕುವುದಿಲ್ಲ. ಹಾಕಿದ ನೀರಿನಲ್ಲೂ ಒಂದಿಷ್ಟು ಹಂಚಿನ ಮೇಲೆ ಆವಿಯಾಗಿ ಹೋಗಿರುತ್ತದೆ. ಹಾಗಾಗಿ ತೇವ, ಜಿಡ್ಡು, ಹುಳಿ, ಉಪ್ಪು ಎಲ್ಲವೂ ತಟ್ಟೆಯ ಬೇರೆ ಮೂಲೆಗಳಿಂದ ಬರಬೇಕು. ಅದನ್ನು ತರುವ ಕೆಲಸ ನಿಮ್ಮ ಬೆರಳಿನದು. ಅಡುಗೆಯವರು ಅರ್ಧ ಊಟ ಮಾಡಿಕೊಡುತ್ತಾರೆ, ಉಳಿದರ್ಧ ತಿನ್ನುವವರು ತಟ್ಟೆಯಲ್ಲಿ ಕಲಸಿ ಮಾಡಿಕೊಳ್ಳುತ್ತಾರೆ. ನಿಮ್ಮ ಮನೆಯವರಿಗೆ ಇದು ಹುಟ್ಟಿನಿಂದ ಬಂದದ್ದು. ಅದಕ್ಕೇ ಅವರು ಹೇಳಿಕೊಟ್ಟಿಲ್ಲ, ಹೇಳಿಕೊಡುವಂಥದ್ದು ಅಂತ ಅವರಿಗೆ ಅನಿಸಿಯೇ ಇರಲಿಕ್ಕಿಲ್ಲ.

ಚಟ್ನಿಯಿಂದಲೇ ಶುರು ಮಾಡೋಣ, ಯಾಕಂದ್ರೆ ಗಂಟಲು ಹಿಡಿಯುವುದು ಅಲ್ಲೇ. ತಟ್ಟೆಯ ಮೂಲೆಯಲ್ಲಿ ಶೇಂಗಾ ಚಟ್ನಿ ಇರುತ್ತದೆ. ಪಕ್ಕದಲ್ಲಿ ಅಗಸಿ ಚಟ್ನಿಯೋ ಗುರೆಳ್ಳು ಚಟ್ನಿಯೋ ಇರುತ್ತದೆ. ಗುರೆಳ್ಳು ಅಂದ್ರೆ ನಿಮ್ಮ ಕಡೆಯ ಹುಚ್ಚೆಳ್ಳು. ಇವೆಲ್ಲ ಒಣ ಪುಡಿಗಳು. ಒಣ ರೊಟ್ಟಿಗೆ ಒಣ ಪುಡಿ ಮೆತ್ತಿಕೊಂಡು ಬಾಯಿಗಿಟ್ಟರೆ ಯಾರಿಗಾದರೂ ಕೆಮ್ಮು ಬರುತ್ತದೆ. ಹಳಬರು ತಿನ್ನುವುದನ್ನು ಒಮ್ಮೆ ಗಮನಿಸಿ. ಪುಡಿಯ ನಡುವೆ ಬೆರಳಿನಿಂದ ಸಣ್ಣ ಗುಂಡಿ ಮಾಡುತ್ತಾರೆ. ಅದರೊಳಗೆ ಹಸಿ ಎಣ್ಣೆ ಬಿಡುತ್ತಾರೆ, ಇಲ್ಲವೇ ಗಟ್ಟಿ ಮೊಸರು ಹಾಕುತ್ತಾರೆ. ಎರಡು ಬೆರಳಿನಲ್ಲಿ ಮಸೆದು ಮುದ್ದೆಯಂತೆ ಆದ ಮೇಲೆ ರೊಟ್ಟಿ ತುಂಡಿನಿಂದ ಬಳಿದುಕೊಳ್ಳುತ್ತಾರೆ. ಶೇಂಗಾ ಚಟ್ನಿಗೆ ಮೊಸರು, ಗುರೆಳ್ಳು ಮತ್ತು ಅಗಸಿಗೆ ಎಣ್ಣೆ ಅಂತ ನನ್ನ ಲೆಕ್ಕ. ಎಣ್ಣೆ ಸಿಕ್ಕರೆ ಗಾಣದ ಕುಸುಬಿ ಎಣ್ಣೆ ತನ್ನಿ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಜೊತೆಗೇ ಕುಸುಬಿ ಬೆಳೆಯುತ್ತಾ ಬಂದಿದ್ದಾರೆ. ಗಿಡದ ಮುಳ್ಳಿಗೆ ದನ ಹತ್ತಿರ ಸುಳಿಯುವುದಿಲ್ಲ ಅಂತ ಹೊಲದ ಅಂಚಿಗೆ ಅದನ್ನೇ ಸಾಲು ಹಾಕುತ್ತಿದ್ದರು. ಜೋಳ, ಕುಸುಬಿ ಒಂದೇ ಹೊಲದವು. ತಟ್ಟೆಯಲ್ಲೂ ಅವಕ್ಕೆ ಜೊತೆ ಚೆನ್ನಾಗಿ ಹೊಂದುತ್ತದೆ.

ಎರಡನೆಯದು ಬಿಸಿ. ಜೋಳದ ರೊಟ್ಟಿ ಹಂಚಿನಿಂದ ಇಳಿದ ಐದು ನಿಮಿಷ ಒಂದು ಥರ, ಅರ್ಧ ಗಂಟೆ ಆದ ಮೇಲೆ ಬೇರೆಯೇ ಥರ. ಬೆಂದ ಪಿಷ್ಟ ತಣ್ಣಗಾಗುತ್ತಾ ಮತ್ತೆ ಬಿರುಸಾಗುತ್ತದೆ. ಅದಕ್ಕೇ ಇಲ್ಲಿ ಮನೆಗಳಲ್ಲಿ ಒಬ್ಬರು ಬಡಿಯುತ್ತಿರುತ್ತಾರೆ, ಉಳಿದವರು ತಟ್ಟೆ ಹಿಡಿದು ಅಲ್ಲೇ ಕೂತಿರುತ್ತಾರೆ. ಬಡಿಯುವವರು ಯಾವಾಗಲೂ ಹೆಣ್ಣುಮಕ್ಕಳೇ, ಅವರ ಪಾಲಿಗೆ ಬರುವುದು ಆರಿದ ರೊಟ್ಟಿಯೇ. ಆ ವಿಷಯ ನಿಮ್ಮ ಮನೆಯವರ ಕಿವಿಗೆ ನೀವೇ ಹಾಕಿ. ಬಿಸಿರೊಟ್ಟಿ ಉಬ್ಬಿದಾಗ ಮೇಲೊಂದು ತೆಳು ಪದರ ಏಳುತ್ತದೆ ನೋಡಿ. ಅದನ್ನು ಸ್ವಲ್ಪ ಹರಿದು ಒಳಗೆ ಬೆಣ್ಣೆ ಹಾಕಿ, ಆವಿಗೆ ಕರಗಲಿ. ಮೊದಲ ರೊಟ್ಟಿಯನ್ನು ಬೆಣ್ಣೆ, ಶೇಂಗಾ ಚಟ್ನಿ, ಮೊಸರು ಇಷ್ಟರಲ್ಲೇ ಮುಗಿಸಿ. ಪಲ್ಯಕ್ಕೆ ಕೈ ಹಾಕಬೇಡಿ.

ಎರಡನೆಯ ರೊಟ್ಟಿಗೆ ಕಾಳು ಪಲ್ಯ. ಮಡಿಕೆ ಕಾಳು, ಹೆಸರುಕಾಳು, ಅಲಸಂದಿ ಯಾವುದಾದರೂ ಸರಿ, ರಸ ಇರಬೇಕು. ಕಾಳು ತಟ್ಟೆಗೆ ಬಂದಿರುವುದು ಬರೀ ರುಚಿಗಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳಿನಲ್ಲಿ ಅದೇ ಜಾಸ್ತಿ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ, ಮೆಂತ್ಯದ ಎಳೆ ಸೊಪ್ಪು, ಹಕ್ಕರಕಿ ಇವನ್ನು ಅಲಂಕಾರಕ್ಕೆ ಇಟ್ಟಿದ್ದಾರೆ ಅಂತ ಪಕ್ಕಕ್ಕೆ ಸರಿಸಬೇಡಿ. ನೀವು ನೀರಿನಿಂದ ಮಾಡಿಸಲು ಹೊರಟ ಕೆಲಸವನ್ನು ಇವು ಮಾಡುತ್ತವೆ. ಎರಡು ತುತ್ತಿಗೊಮ್ಮೆ ಒಂದು ಚೂರು ಕಚ್ಚಿ. ಹಕ್ಕರಕಿ ನಿಮಗೆ ಹೊಸದಿರಬಹುದು. ತುಸು ಕಹಿ, ಎಳೆಯದಾದರೆ ಒಳ್ಳೇ ರುಚಿ. ಸಂತೆಯಲ್ಲಿ ಸಣ್ಣ ಸಣ್ಣ ಕಟ್ಟು ಮಾಡಿ ಮಾರುತ್ತಾರೆ.

ಎಣ್ಣೆಗಾಯಿ, ಅಂದ್ರೆ ಮಸಾಲೆ ತುಂಬಿದ ಬದನೆಕಾಯಿ, ಬರುವುದು ಆಮೇಲೆ. ಅದು ಈ ಊಟದ ರಾಜ, ನಾನು ಇಲ್ಲ ಅನ್ನಲಾರೆ. ಆದರೆ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಎಲ್ಲ ಕೂಡಿದ ಭಾರದ ಪದಾರ್ಥ ಅದು. ಹಸಿದ ಹೊಟ್ಟೆಗೆ ಮೊದಲೇ ಬಡಿಸಿಕೊಂಡರೆ ಒಂದೇ ರೊಟ್ಟಿಗೆ ಸಾಕೆನಿಸುತ್ತದೆ. ನಿಮಗೆ ಆಗಿರುವುದು ಇದೇ ಇರಬೇಕು. ಕೊನೆಗೆ ಒಂದು ಹಿಡಿ ಅನ್ನ, ಕಟ್ಟಿನ ಸಾರು, ಮಜ್ಜಿಗೆ. ಅಲ್ಲಿಗೆ ನಿಮ್ಮ ತವರಿನ ಊಟ ಬಂತಲ್ಲ!

ಇನ್ನು ಖಾರ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್. ಅದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ನೀರು ಕುಡಿದರೆ ಉರಿ ಬಾಯಿ ತುಂಬ ಹರಡುತ್ತದೆ, ಅಷ್ಟೇ. ಹಾಲು, ಮೊಸರಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡು ನಾಲಿಗೆಯಿಂದ ಎತ್ತುತ್ತದೆ. ಹಾಗಾಗಿ ಲೋಟದ ಜಾಗಕ್ಕೆ ಮೊಸರಿನ ಬಟ್ಟಲು ಬರಲಿ. ಮೊದಮೊದಲು ಎರಡು ಬಟ್ಟಲು ಆದರೂ ಪರವಾಗಿಲ್ಲ, ಯಾರೂ ಏನೂ ಅನ್ನುವುದಿಲ್ಲ.

ಮತ್ತೆ, ಕೆಂಪು ಬಣ್ಣ ನೋಡಿ ಹೆದರಬೇಡಿ. ಇಲ್ಲಿ ಅಡುಗೆ ಕೆಂಪಾಗುವುದು ಬ್ಯಾಡಗಿ ಮೆಣಸಿನಕಾಯಿಯಿಂದ. ಹಾವೇರಿ ದಾಟಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಬ್ಯಾಡಗಿ. ಜನವರಿಯಿಂದ ಮೂರು ನಾಲ್ಕು ತಿಂಗಳು ಅಲ್ಲಿನ ಮಾರುಕಟ್ಟೆ ಪೂರ್ತಿ ಕೆಂಪು. ಬಸ್ಸಿಳಿಯುವಾಗಲೇ ಮೂಗಿಗೆ ಘಾಟು ಬಡಿಯುತ್ತದೆ. ಈ ಕಾಯಿಗೆ 2011ರಲ್ಲಿ ಜಿ.ಐ. ಮಾನ್ಯತೆ, ಅಂದ್ರೆ ಈ ಸೀಮೆಯದೇ ಪದಾರ್ಥ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಇದರಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಕಡ್ಡಿ ತೆಳ್ಳಗೆ, ಉದ್ದ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದಪ್ಪ. ಎರಡರಲ್ಲೂ ಬಣ್ಣ ಹೆಚ್ಚು, ಉರಿ ಕಡಿಮೆ. ಇದರ ಬಣ್ಣವನ್ನು ಬೇರೆ ಮಾಡಿ ತೆಗೆದು ಆಹಾರ ಪದಾರ್ಥಗಳಿಗೆ, ಲಿಪ್‌ಸ್ಟಿಕ್‌ಗೆ ಕೂಡ ಬಳಸುತ್ತಾರೆ ಅಂದರೆ ಲೆಕ್ಕ ಹಾಕಿ.

ಹಾಗಾದರೆ ನಿಮ್ಮ ಕಣ್ಣಲ್ಲಿ ನೀರು ಬರಿಸಿದ್ದು ಯಾವುದು? ಒಂದು, ಮಸಾಲೆ ಖಾರ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿಡುವ ಪುಡಿ ಇದು. ಇದಕ್ಕೆ ಬಣ್ಣಕ್ಕಂತ ಬ್ಯಾಡಗಿ, ಚುರುಕಿಗಂತ ಗುಂಟೂರು ಸೇರಿಸುತ್ತಾರೆ. ಎರಡು, ಹಸಿಮೆಣಸಿನಕಾಯಿ. ಕಡಲೆಹಿಟ್ಟಿನ ಜುಣಕದಲ್ಲಿ, ಸೊಪ್ಪಿನ ಪಲ್ಯದಲ್ಲಿ ಅದು ಹಳದಿ, ಹಸಿರಿನ ನಡುವೆ ಕಾಣಿಸದೆ ಕೂತಿರುತ್ತದೆ. ಮೂರನೆಯದು ರಂಜಕ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಹುಳಿ ಹಾಕಿ ರುಬ್ಬಿದ್ದು. ಅದನ್ನು ನೀವು ಈ ವರ್ಷ ಮುಟ್ಟಲೇಬೇಡಿ. ಮನೆಯಲ್ಲಾದರೆ ಕೆಲಸ ಸುಲಭ. ಬರುವ ಬೇಸಿಗೆಯಲ್ಲಿ ಖಾರ ಕುಟ್ಟಿಸುವಾಗ ನಿಮ್ಮ ಪಾಲಿನದನ್ನು ಬರೀ ಬ್ಯಾಡಗಿಯಲ್ಲೇ ಮಾಡಿಸಿಕೊಳ್ಳಿ. ಬಣ್ಣ ಹಾಗೇ ಇರುತ್ತದೆ, ಅತ್ತೆಯವರಿಗೆ ಗೊತ್ತೂ ಆಗುವುದಿಲ್ಲ.

ಇನ್ನು ನಿಮ್ಮ ಒಡೆಯುವ ರೊಟ್ಟಿಗೆ ಬರೋಣ. ಇಲ್ಲಿ ನಿಮಗೊಂದು ಅನುಕೂಲ ಇದೆ, ನಿಮಗೇ ಗೊತ್ತಿಲ್ಲ. ಮುದ್ದೆ ತಿರುವಲು ಬರುತ್ತದೆ ತಾನೇ? ಹಾಗಿದ್ದರೆ ಅರ್ಧ ರೊಟ್ಟಿ ನಿಮಗೆ ಬಂದಿದೆ.

ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇದೆ, ನಾದಿದಷ್ಟೂ ಎಳೆ ಎಳೆಯಾಗಿ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಎಷ್ಟು ನಾದಿದರೂ ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಉದುರುತ್ತದೆ. ಹಿಡಿದಿಡುವ ಅಂಟು ಅದರ ಪಿಷ್ಟದಿಂದಲೇ ಬರಬೇಕು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ತಾಗಿದಾಗ ಪಿಷ್ಟದ ಕಣಗಳು ನೀರು ಹೀರಿ, ಉಬ್ಬಿ, ಅಂಟಾಗುತ್ತವೆ. ಕುದಿಯುವ ಎಸರಿಗೆ ರಾಗಿ ಹಿಟ್ಟು ಹಾಕಿ ತಿರುವಿದಾಗ ಮುದ್ದೆ ಗಟ್ಟಿಯಾಗಿ ನಿಲ್ಲುವುದೂ ಇದೇ ಕಾರಣಕ್ಕೆ. ರೊಟ್ಟಿಯಲ್ಲಿ ಅಷ್ಟೂ ಹಿಟ್ಟು ಬೇಯಬೇಕಿಲ್ಲ. ಒಂದು ಪಾಲು ಬೆಂದು ಅಂಟಾದರೆ ಸಾಕು, ಉಳಿದದ್ದನ್ನು ಅದೇ ಕಟ್ಟಿಹಾಕುತ್ತದೆ. ನಿಮ್ಮದು ಸೀಳುತ್ತಿದ್ದರೆ ನೀರು ಬೆಚ್ಚಗಿತ್ತು, ಕುದಿಯುತ್ತಿರಲಿಲ್ಲ ಅಂತಲೇ ಅರ್ಥ. ನೂರಕ್ಕೆ ತೊಂಬತ್ತು ಸಲ ಇದೇ ಕಾರಣ.

ಉಳಿದ ಹತ್ತು ಸಲ ಹಿಟ್ಟಿನದು. ಪ್ಯಾಕೆಟ್ ಹಿಟ್ಟಿನಲ್ಲಿ ಕಲಿಯಬೇಡಿ. ಗಿರಣಿಗೆ ಹಾಕಿಸಿ ಎಷ್ಟು ತಿಂಗಳಾಗಿರುತ್ತದೋ ಏನೋ. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ತುಸು ಕಹಿಯೂ ಬಂದಿರುತ್ತದೆ. ಜೋಳದಲ್ಲಿರುವ ಎಣ್ಣೆ ಅಂಶ ಕೆಡುವುದರಿಂದ ಆ ಕಹಿ. ಹಿಂಗಾರಿ ಬಿಳಿಜೋಳ ತಂದು, ಎರಡು ಕಿಲೋದಷ್ಟೇ ಹಾಕಿಸಿ, ಹತ್ತು ಹದಿನೈದು ದಿನದಲ್ಲಿ ಮುಗಿಸಿ. ಅಂಗಡಿಯಲ್ಲಿ ಮಾಲ್ದಂಡಿ ಅಂತ ಕೇಳಿ. ಎಂ 35-1 ಅನ್ನುವ ತಳಿ ಅದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ, ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುವ ಜೋಳ. ಕಾಳು ದಪ್ಪ, ಮುತ್ತಿನಂತೆ ಹೊಳೆಯುತ್ತದೆ. ಮುಂಗಾರಿ ಜೋಳಕ್ಕೆ ತೆನೆಯಲ್ಲಿದ್ದಾಗಲೇ ಮಳೆ ಬಿದ್ದು ಬೂಸ್ಟು ತಾಗುವುದುಂಟು. ಅಗ್ಗ ಸಿಗುತ್ತದೆ, ರೊಟ್ಟಿ ಮಾತ್ರ ಕಪ್ಪು.

ಈಗ ಕೈಗೆ ಬರೋಣ. ಎರಡು ಲೋಟ ಹಿಟ್ಟಿಗೆ ಒಂದೂಕಾಲು ಲೋಟ ನೀರು ಕುದಿಸಿ. ಹಿಟ್ಟಿನ ನಡುವೆ ಗುಂಡಿ ಮಾಡಿ, ಕುದಿಯುವ ನೀರನ್ನು ಮುಕ್ಕಾಲು ಪಾಲು ಅಲ್ಲಿಗೇ ಸುರಿಯಿರಿ. ಅಂಚಿನ ಹಿಟ್ಟು ಒಣಗಿಯೇ ಇರಲಿ. ನಡುವಿನದನ್ನು ಚಮಚದಿಂದ ಕಲಕಿ, ಮೇಲೆ ಒಣ ಹಿಟ್ಟು ಎಳೆದು ಮುಚ್ಚಿ ಐದು ನಿಮಿಷ ಬಿಡಿ. ಕೈ ತಾಳುವಷ್ಟು ಬಿಸಿಗೆ ಬಂದಾಗ ಒಟ್ಟು ಸೇರಿಸಿ. ಪೂರ್ತಿ ಹಿಟ್ಟನ್ನು ಒಂದೇ ಸಲ ನಾದಿ ಇಡಬೇಡಿ, ಚಪಾತಿ ಮಾಡುವವರು ಎಡವುವುದು ಇಲ್ಲೇ. ಒಂದು ರೊಟ್ಟಿಗಾಗುವಷ್ಟು ಮುರಿದುಕೊಳ್ಳಿ. ಬಿಸಿನೀರಲ್ಲಿ ಬೆರಳು ಅದ್ದಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ಒಂದೆರಡು ನಿಮಿಷ ನಾದಿ. ಅದು ನುಣ್ಣಗಾದ ತಕ್ಷಣ ಬಡಿಯಿರಿ. ಬಡಿದದ್ದು ಹಂಚಿನ ಮೇಲೆ ಬೇಯುವಾಗ ಮುಂದಿನದನ್ನು ನಾದಿ. ನಾದಿದ ಉಂಡೆ ಕಾಯುತ್ತಾ ಕೂತರೆ ಮತ್ತೆ ಬಿರುಕು ಬಿಡುತ್ತದೆ.

ಬಡಿಯುವ ಮೊದಲು ಉಂಡೆಯ ಅಂಚನ್ನು ಬೆರಳಲ್ಲಿ ಸುತ್ತಲೂ ತಿರುಗಿಸಿ ನುಣ್ಣಗೆ ಮಾಡಿ. ಆ ಹಂತದಲ್ಲಿ ಸಣ್ಣ ಸೀಳು ಉಳಿದರೆ ರೊಟ್ಟಿ ದೊಡ್ಡದಾದಂತೆ ಸೀಳೂ ದೊಡ್ಡದಾಗುತ್ತದೆ. ಕಲ್ಲಿಗೋ ಮಣೆಗೋ ಒಣ ಹಿಟ್ಟು ಉದುರಿಸಿ. ಅಂಗೈಯಿಂದ ತಟ್ಟುತ್ತಾ ರೊಟ್ಟಿ ತಾನಾಗೇ ತಿರುಗುವಂತೆ ಮಾಡಬೇಕು. ತಿರುಗಿದರೆ ತಳ ಅಂಟಿಲ್ಲ ಅಂತ ಲೆಕ್ಕ. ಶುರುವಿನಲ್ಲಿ ತಟ್ಟೆಯಗಲ ಮಾಡುವ ಹಟ ಬೇಡ, ಅಂಗೈ ಚಾಚಿದಷ್ಟಾದರೆ ಸಾಕು.

ಹಂಚು ಚೆನ್ನಾಗಿ ಕಾಯ್ದಿರಲಿ. ಒಣ ಹಿಟ್ಟಿರುವ ಬದಿ ಮೇಲೆ ಬರುವ ಹಾಗೆ ಹಾಕಿ. ಕೂಡಲೇ ಒಂದು ಒದ್ದೆ ಬಟ್ಟೆಯಿಂದ ಆ ಬದಿಗೆ ನೀರು ಸವರಿ. ಎಷ್ಟೋ ಜನ ಇದನ್ನು ಬರೀ ಹಿಟ್ಟು ಒರೆಸಲು ಅಂದುಕೊಂಡಿದ್ದಾರೆ. ಆ ನೀರು ಮೇಲಿನ ಒಣ ಹಿಟ್ಟನ್ನು ಬೇಯಿಸಿ ತೆಳ್ಳನೆ ಅಂಟಿನ ಪದರ ಮಾಡುತ್ತದೆ. ಒಳಗಿನ ಆವಿ ಆಗ ಹೊರಗೆ ಹೋಗಲಾರದೆ ರೊಟ್ಟಿಯನ್ನು ಉಬ್ಬಿಸುತ್ತದೆ. ಸವರಿದ ನೀರು ಆರುತ್ತಾ ಬಂದಾಗ, ಪೂರ್ತಿ ಆರುವ ಮೊದಲು, ತಿರುವಿ ಹಾಕಿ. ತಡ ಮಾಡಿದರೆ ಮೇಲ್ಮೈ ಬಿರಿಯುತ್ತದೆ. ಕೊನೆಗೆ ಅರಿವೆಯಿಂದ ಅಂಚು ಒತ್ತಿ, ಇಲ್ಲವೇ ನೇರ ಉರಿಗೆ ಹಿಡಿಯಿರಿ.

ಮೊದಲ ವಾರ ಒಡೆದವು ಬರುತ್ತವೆ, ಎಸೆಯಬೇಡಿ. ಬಿಸಿ ಇರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಅರ್ಧ ಹಸಿಮೆಣಸಿನಕಾಯಿ ಜೊತೆ ಒರಳಲ್ಲಿ ಕುಟ್ಟಿ, ಎಣ್ಣೆಯೋ ತುಪ್ಪವೋ ಹಾಕಿ ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ. ಇದಕ್ಕೆ ಮುಟಗಿ ಅನ್ನುತ್ತಾರೆ. ಇದನ್ನೇ ತಿನ್ನಬೇಕು ಅಂತ ದಪ್ಪ ರೊಟ್ಟಿ ಮಾಡಿ ಕುಟ್ಟುವವರಿದ್ದಾರೆ. ಮುದ್ದೆ ತಿಂದ ನಾಲಿಗೆಗೆ ಇದು ಮೊದಲ ದಿನವೇ ಹಿಡಿಸುತ್ತದೆ ಅಂತ ನನಗೆ ಧೈರ್ಯ ಇದೆ. ಸತ್ಯ ಹೇಳಬೇಕಂದ್ರೆ ನನಗೆ ಎಣ್ಣೆಗಾಯಿಗಿಂತ ಮುಟಗಿ ಇಷ್ಟ.

ನಿಮ್ಮ ಅಮ್ಮ ಬರುವ ಹೊತ್ತು ಬಹಳ ಒಳ್ಳೆಯದು. ಇಲ್ಲಿನ ಊಟ ತಿನ್ನಲು ಡಿಸೆಂಬರ್, ಜನವರಿಗಿಂತ ಒಳ್ಳೇ ಕಾಲ ಇಲ್ಲ. ಸೊಪ್ಪು ಎಳೆಯದು, ಮೂಲಂಗಿ ಸಿಹಿ. ಹಸಿ ಕಡಲೆ ಗಿಡಗಳ ಕಟ್ಟು ರಸ್ತೆ ಬದಿಗೆ ಬಂದಿರುತ್ತದೆ. ಅದನ್ನು ಇಲ್ಲಿ ಸುಲಗಾಯಿ ಅಂತಾರೆ. ಕಡಲೆಯ ಎಳೆ ಸೊಪ್ಪೂ ಸಿಗುತ್ತದೆ. ಎಲೆಯಲ್ಲೇ ಹುಳಿ ಇರುವ ಸೊಪ್ಪು ಅದು, ಹುಣಸೆಹಣ್ಣು ಹಾಕದೆ ಪಲ್ಯ ಆಗುತ್ತದೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಕಾಳು ಪಲ್ಯ, ಗೋಧಿ ಬೆಲ್ಲದ ಸಿಹಿ ಮಾದಲಿ. ಮನೆಯವರ ಕಡೆ ಹೊಲ ಇದ್ದರೆ ಬುತ್ತಿ ಕಟ್ಟಿಕೊಂಡು ಅಮ್ಮನನ್ನು ಅಲ್ಲಿಗೇ ಕರೆದೊಯ್ಯಿರಿ. ಜನವರಿ ಕೊನೆಯವರೆಗೆ ಅವರು ಉಳಿದರೆ ಸೀತನಿ ಸಿಗಬಹುದು. ಹಾಲು ಗಟ್ಟಿಯಾಗುತ್ತಿರುವ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಉದುರಿಸುತ್ತಾರೆ. ಬೆಲ್ಲ, ಒಣಕೊಬ್ಬರಿ, ಶೇಂಗಾ ಚಟ್ನಿ ಜೊತೆ ತಿನ್ನುತ್ತಾರೆ. ಅಂಗಡಿಯಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಹೊಲದವರ ಪರಿಚಯ ಬೇಕು, ಮತ್ತು ಅವತ್ತೇ ತಿನ್ನಬೇಕು.

ಶುಗರ್ ವಿಷಯದಲ್ಲಿ ಒಂದು ಮಾತು. ಜೋಳದ ರೊಟ್ಟಿ ಆದ್ರೆ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವವರು ನಿಮಗೆ ಇಲ್ಲಿ ಬೇಕಾದಷ್ಟು ಸಿಗುತ್ತಾರೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಸುಮಾರು 10 ಗ್ರಾಂ ನಾರು ಇದೆ, ಅದು ನಿಜ. ಪಾಲಿಶ್ ಮಾಡಿದ ಅಕ್ಕಿಗಿಂತ ಅದು ಮೇಲು. ಆದರೆ ಕಾರ್ಬೋಹೈಡ್ರೇಟ್ ಕೂಡ ಸುಮಾರು 70 ಗ್ರಾಂ ಇದೆ. ಎರಡು ರೊಟ್ಟಿ, ಜಾಸ್ತಿ ಕಾಳು, ಜಾಸ್ತಿ ಸೊಪ್ಪು, ಮೊಸರು ಅಂದರೆ ಅಮ್ಮನಿಗೆ ಸರಿಹೋಗುತ್ತದೆ. ರೊಟ್ಟಿ ತಿಂದ ಮೇಲೆ ಅಷ್ಟೇ ಅನ್ನವನ್ನೂ ತಿಂದರೆ ಲೆಕ್ಕ ತಪ್ಪುತ್ತದೆ. ಮಾತ್ರೆ, ಇನ್ಸುಲಿನ್ ಹೊತ್ತು ಬದಲಾಗದಂತೆ ನೋಡಿಕೊಳ್ಳಿ. ನಮ್ಮ ಕಡೆ ನೆಂಟರಿಗೆ ಊಟ ಬಡಿಸುವಷ್ಟರಲ್ಲಿ ಮಧ್ಯಾಹ್ನ ಮೂರಾದರೂ ಆಶ್ಚರ್ಯವಿಲ್ಲ.

ಒಂದು ಸಂಜೆ ಹುಬ್ಬಳ್ಳಿಯ ದುರ್ಗದಬೈಲಿಗೆ ಕರೆದುಕೊಂಡು ಹೋಗಿ. ಗಿರಮಿಟ್, ಮಿರ್ಚಿ ಭಜಿ ಹೇಳಿ. ಗಿರಮಿಟ್ ಅಂದ್ರೆ ಚುರುಮುರಿಗೆ (ನಿಮ್ಮ ಕಡೆಯ ಪುರಿ) ಹುಣಸೆ, ಬೆಲ್ಲ, ಉಳ್ಳಾಗಡ್ಡಿ ಹಾಕಿ ಕುದಿಸಿದ ಮಸಾಲೆ ಬೆರೆಸಿ, ಪುಠಾಣಿ ಅಂದ್ರೆ ಹುರಿಗಡಲೆ ಹಿಟ್ಟು ಉದುರಿಸಿ ಕೊಡುತ್ತಾರೆ. ಪೊಟ್ಟಣ ಕೈಗೆ ಬಂದ ತಕ್ಷಣ ತಿನ್ನಬೇಕು, ಫೋಟೊ ತೆಗೆಯುತ್ತಾ ನಿಂತರೆ ಚುರುಮುರಿ ಮೆತ್ತಗಾಗುತ್ತದೆ. ಮಿರ್ಚಿ ಖಾರ ಅನಿಸಿದರೆ ಮೆಣಸಿನಕಾಯಿ ಬಿಟ್ಟು ಮೇಲಿನ ಹಿಟ್ಟಷ್ಟೇ ತಿನ್ನಲಿ, ಯಾರೂ ನಗುವುದಿಲ್ಲ. ಗದಗಿನ ಕಡೆ ಹೋಗುವ ಕೆಲಸ ಬಿದ್ದರೆ ಅಲ್ಲಿ ಬದನೆಕಾಯಿ ಭಜಿ ಕೇಳಿ.

ಕಟ್ಟಿ ಕಳಿಸಲು ಮೊದಲು ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಸಣ್ಣ ಉರಿಯಲ್ಲಿ ನೀರಿನ ಅಂಶವೆಲ್ಲ ಹೋಗುವ ತನಕ ಒಣಗಿಸಿದ್ದು. ಮಹಿಳಾ ಸಂಘದವರು, ಮನೆಯಲ್ಲಿ ಮಾಡಿ ಮಾರುವವರು ಹುಬ್ಬಳ್ಳಿ, ಧಾರವಾಡದಲ್ಲಿ ಬಹಳ ಇದ್ದಾರೆ. ಕೊಳ್ಳುವಾಗ ಒಂದು ಮುರಿದು ನೋಡಿ. ಪಟ್ ಅಂತ ಸದ್ದಾಗಬೇಕು. ಬಾಗಿದರೆ ಒಳಗೆ ತೇವ ಇದೆ, ದಾರಿಯಲ್ಲೇ ಬೂಸ್ಟು ಬರುತ್ತದೆ. ಚೆನ್ನಾಗಿ ಒಣಗಿದ್ದು ತಿಂಗಳ ಮೇಲೂ ಇರುತ್ತದೆ. ಮೈಸೂರಿನಲ್ಲಿ ಅದನ್ನು ಒಣದಾಗಿಯೇ ತಿಂದು ಅಮ್ಮ ನಿಮಗೆ ಬೈಯದಿರಲಿ. ಮುರಿದು ಬೇಳೆಸಾರಿನಲ್ಲಿ ಎರಡು ನಿಮಿಷ ನೆನೆಸಿ ತಿನ್ನಲು ಹೇಳಿ. ಇಲ್ಲವೇ ನೀರು ಚಿಮುಕಿಸಿ, ಉಳ್ಳಾಗಡ್ಡಿ ಒಗ್ಗರಣೆ ಕೊಟ್ಟು ಬೆಳಗಿನ ತಿಂಡಿ ಮಾಡಿಕೊಳ್ಳಲಿ.

ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅರ್ಧ ಕಿಲೋ ಬ್ಯಾಡಗಿ ಕಾಯಿ. ಕಾಯಿ ಕೊಳ್ಳುವಾಗ ತೊಟ್ಟು ಗಟ್ಟಿ ಇದೆಯಾ, ಮುಟ್ಟಿದರೆ ತೇವ ಇಲ್ಲವಾ ನೋಡಿ. ಸವಣೂರಿನ ಖಾರ ಸಿಕ್ಕರೆ ಒಂದು ಪಾಕೀಟು, ಇದು ಪುಡಿಯಲ್ಲ, ಕುರುಕಲು ತಿಂಡಿ. ಧಾರವಾಡ ಪೇಡೆ ಅಮ್ಮನಿಗೆ ಬೇಡ, ಉಳಿದವರಿಗೆ ಕಳಿಸಿ. ಅದಕ್ಕೂ ಜಿ.ಐ. ಮಾನ್ಯತೆ ಇದೆ. ಎಮ್ಮೆ ಹಾಲಿನ ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿದು, ಸಕ್ಕರೆಯಲ್ಲಿ ಹೊರಳಿಸಿದ್ದು. ಧಾರವಾಡಿ ಅಂತ ಎಮ್ಮೆಯ ತಳಿಯೇ ಇದೆ, ಹಳಬರು ಪೇಡೆಯ ರುಚಿಯ ಅರ್ಧ ಪಾಲನ್ನು ಅದಕ್ಕೇ ಕೊಡುತ್ತಾರೆ. ಹೊರಡುವ ದಿನವೇ ಧಾರವಾಡದ ಲೈನ್ ಬಜಾರಿಗೆ ಹೋಗಿ ಕೊಳ್ಳಿ, ಎಷ್ಟು ದಿನ ಇರುತ್ತದೆ ಅಂತ ಅಂಗಡಿಯವರನ್ನೇ ಕೇಳಿ. ಮೆಣಸಿನಕಾಯಿಯ ಚೀಲದ ಜೊತೆ ಇಡಬೇಡಿ, ಮೈಸೂರು ಮುಟ್ಟುವಷ್ಟರಲ್ಲಿ ಪೇಡೆಗೆ ಘಾಟು ಹತ್ತಿರುತ್ತದೆ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ, ನೆಟ್ಟಗೆ ನಿಲ್ಲಿಸಿ ತುಂಬಿ. ಮಲಗಿಸಿ ಪೇರಿಸಿದರೆ ಕೆಳಗಿನವು ಬಸ್ಸಿನ ಕುಲುಕಾಟಕ್ಕೆ ಪುಡಿಯಾಗುತ್ತವೆ.